ಆಜ್ಞೆ ಎಲ್ಲಿಯವರೆಗೆ ತಲುಪಿತು? ರೋಬೋಟಿನ ದೋಷವನ್ನು ಎರಡು ತಂಡಗಳು ಕೂಡಿ ಹುಡುಕುವ ಬಗೆ

(ರೋಬೋಟ್ ಕಟ್ಟುವ ತಂಡಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನೇರವಾಗಿ ಮುಂದೆ ಹೋಗಬೇಕೆಂದು ಆಜ್ಞೆ ಪಡೆದ ರೋಬೋಟೊಂದು ಸ್ವಲ್ಪಸ್ವಲ್ಪವೇ ಎಡಕ್ಕೆ ವಾಲುತ್ತಿದೆ ಎಂದು ಇಟ್ಟುಕೊಳ್ಳೋಣ. ಕಾರಣ ಏನಿರಬಹುದು? ಎಡ ಮೋಟಾರಿಗೆ ಕರೆಂಟು ಒದಗಿಸುವ ಡ್ರೈವರ್ ಎಂಬ ಸರ್ಕ್ಯೂಟು ಬಿಸಿಯೇರಿ, ತನ್ನನ್ನು ತಾನು ಉಳಿಸಿಕೊಳ್ಳಲು ಕರೆಂಟನ್ನು ಕಡಿಮೆ ಮಾಡಿರಬಹುದು. ಎಡ ಗಾಲಿಯನ್ನು ಹಿಡಿದಿರುವ ಚಿಕ್ಕ ತಿರುಪು ಸಡಿಲವಾಗಿ, ದಂಡ ತಿರುಗಿದಷ್ಟು ಗಾಲಿ ತಿರುಗದೆ ಇರಬಹುದು. ಗಾಲಿ ಎಷ್ಟು ತಿರುಗಿತೆಂದು ಎಣಿಸುವ ಎಡ ಎನ್‌ಕೋಡರಿನ ತಂತಿ ಮೋಟಾರಿನ ತಂತಿಯ ಪಕ್ಕದಲ್ಲೇ ಹಾದುಹೋಗಿ, ಅಲ್ಲಿಯ ವಿದ್ಯುತ್ ಗದ್ದಲವೂ ಎಣಿಕೆಗೆ ಸೇರಿಕೊಂಡು, ಎಡ ಗಾಲಿ ವೇಗವಾಗಿ ಓಡುತ್ತಿದೆಯೆಂದು ನಂಬಿದ ಪ್ರೋಗ್ರಾಂ ಅದನ್ನು ನಿಧಾನಗೊಳಿಸುತ್ತಿರಬಹುದು. ಬಲ ಎನ್‌ಕೋಡರಿನ ಎಣಿಕೆಗಳನ್ನು ಪ್ರೋಗ್ರಾಂ ಹೆಚ್ಚು ವೇಗದಲ್ಲಿ ತಪ್ಪಿಸಿಕೊಳ್ಳುತ್ತಿದ್ದರೂ, ಎಡ ಗಾಲಿಯ ವ್ಯಾಸವನ್ನು ಸೆಟ್ಟಿಂಗ್ ಕಡತದಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಬರೆದಿದ್ದರೂ, ರೋಬೋಟು ತಿರುಗುವುದನ್ನು ಅಳೆಯುವ ಗೈರೋಸ್ಕೋಪ್ ಬಿಸಿಯಾದಂತೆ ಅದರ ಶೂನ್ಯ ಬಿಂದು ಜಾರುತ್ತಿದ್ದರೂ ಫಲ ಇದೇ ಆಗುತ್ತದೆ.

ಇಷ್ಟೆಲ್ಲ ಬೇರೆಬೇರೆ ಕಾರಣಗಳಿಗೆ ಕಣ್ಣಿಗೆ ಕಾಣುವ ಲಕ್ಷಣ ಒಂದೇ, ಮತ್ತು ಆ ಲಕ್ಷಣದ ಮೇಲೆ ಯಾವ ತಂಡದ ಹೆಸರೂ ಬರೆದಿರುವುದಿಲ್ಲ. ಆದರೂ ರೋಬೋಟು ಕೈಕೊಟ್ಟ ಮರುಕ್ಷಣವೇ ಕೋಣೆಯಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಪ್ರೋಗ್ರಾಂ ಬರೆದವರು ನಿನ್ನೆಯಿಂದ ಕೋಡ್ ಬದಲಾಗಿಲ್ಲ ಎನ್ನುತ್ತಾರೆ; ವೈರಿಂಗ್ ಮಾಡಿದವರು ಮೀಟರಿನಲ್ಲಿ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಎರಡೂ ಮಾತುಗಳು ಸಾಮಾನ್ಯವಾಗಿ ನಿಜವೇ ಆಗಿರುತ್ತವೆ, ಮತ್ತು ಎರಡರಿಂದಲೂ ಹುಡುಕಾಟ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಕೋಡ್ ಬದಲಾಗದಿದ್ದರೂ ಅದು ಓಡುತ್ತಿರುವ ಯಂತ್ರ ದಿನದಿಂದ ದಿನಕ್ಕೆ ಸವೆಯುತ್ತಿರುತ್ತದೆ. ಮೀಟರ್ ಸರಿಯೆಂದು ತೋರಿಸಿದರೂ ಅದು ಹಿಡಿಯಲಾರದಷ್ಟು ಕ್ಷಣಿಕವಾದ ಘಟನೆಗಳು ಅದೇ ತಂತಿಯಲ್ಲಿ ನಡೆಯುತ್ತಿರುತ್ತವೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಎರಡೂ ತಂಡಗಳು ತಂತಮ್ಮ ಭಾಗವನ್ನು ಸಮರ್ಥಿಸುತ್ತ ಕುಳಿತರೆ ಹೊತ್ತು ಹೋಗುತ್ತದೆ, ರೋಬೋಟು ಎಡಕ್ಕೆ ವಾಲುತ್ತಲೇ ಇರುತ್ತದೆ.

ಆದ್ದರಿಂದ ಕಾರಣ ಯಾರ ಕಡೆ ಇದೆ ಎಂಬ ಪ್ರಶ್ನೆಯನ್ನು ಮೊದಲಿಗೆ ಪಕ್ಕಕ್ಕಿಟ್ಟು, ಕೊಟ್ಟ ಆಜ್ಞೆ ಎಲ್ಲಿಯವರೆಗೆ ಸರಿಯಾಗಿ ತಲುಪಿತು ಎಂದು ಕೇಳಬೇಕೆಂಬುದು ನನ್ನ ವಾದ. ಈ ಪ್ರಶ್ನೆಗೆ ಉತ್ತರವನ್ನು ಅಳತೆಯಿಂದ ಪಡೆಯಬಹುದು. ಅಳತೆಗೆ ಎರಡೂ ತಂಡಗಳು ಒಟ್ಟಿಗೆ ಸಾಕ್ಷಿಯಾಗಬಹುದು. ಆಜ್ಞೆಯ ದಾರಿಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮುಖ್ಯ ಕಂಪ್ಯೂಟರಿನಲ್ಲಿ ಅದು ಒಂದು ಸಂಖ್ಯೆ, ಭಾಗಗಳ ನಡುವೆ ಸಂದೇಶ ಒಯ್ಯುವ ತಂತಿಗಳಾದ ಬಸ್ಸಿನ ಮೇಲೆ ಒಂದು ಸಂದೇಶ, ಮೋಟಾರುಗಳನ್ನು ನಿಯಂತ್ರಿಸುವ ಪುಟ್ಟ ಚಿಪ್ಪಾದ ಮೈಕ್ರೋಕಂಟ್ರೋಲರಿನ ಪಿನ್ನಿನಲ್ಲಿ ಏರಿಳಿಯುವ ಒಂದು ಸಂಕೇತ, ಮೋಟಾರಿನ ತುದಿಗಳಲ್ಲಿ ವೋಲ್ಟೇಜು, ದಂಡದಲ್ಲಿ ತಿರುಗುಬಲ, ನೆಲದ ಮೇಲೆ ಗಾಲಿಯ ಚಲನೆ. ಅಲ್ಲಿಂದ ಎನ್‌ಕೋಡರಿನ ಮೂಲಕ ಅದು ಮತ್ತೆ ಸಂಖ್ಯೆಯಾಗಿ ಪ್ರೋಗ್ರಾಮಿಗೆ ಮರಳುತ್ತದೆ. ಈ ಸರಪಳಿಯ ಯಾವುದೋ ಒಂದು ಕೊಂಡಿಯ ಮೊದಲು ಎಲ್ಲವೂ ಸರಿಯಿರುತ್ತದೆ, ಅದರ ನಂತರ ಸರಿಯಿರುವುದಿಲ್ಲ. ಮೊದಲ ಅಳತೆಯನ್ನು ಸರಪಳಿಯ ಮಧ್ಯದಲ್ಲಿ, ಅಂದರೆ ಮೈಕ್ರೋಕಂಟ್ರೋಲರಿನ ಪಿನ್ ಮತ್ತು ಮೋಟಾರ್ ಡ್ರೈವರ್ ಸೇರುವ ಜಾಗದಲ್ಲಿ ಮಾಡುವುದು ಒಳ್ಳೆಯದು. ಅಲ್ಲಿ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇಟ್ಟು ನೋಡಿದಾಗ ಎಡ ಮತ್ತು ಬಲ ಸಂಕೇತಗಳು ಆಜ್ಞೆಯಂತೆ ಒಂದೇ ಆಗಿದ್ದು ಗಾಲಿಗಳ ವೇಗ ಮಾತ್ರ ಬೇರೆಯಾಗಿದ್ದರೆ ಹುಡುಕಾಟ ಒಂದು ಕಡೆಗೆ ತಿರುಗುತ್ತದೆ. ಸಂಕೇತಗಳೇ ಬೇರೆಯಾಗಿದ್ದರೆ ಇನ್ನೊಂದು ಕಡೆಗೆ. ಒಂದೇ ಅಳತೆಯಲ್ಲಿ ಅರ್ಧ ಸಾಧ್ಯತೆಗಳು ಬಿದ್ದುಹೋಗುತ್ತವೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಎನ್‌ಕೋಡರನ್ನು ನೋಡಿ ವೇಗವನ್ನು ತಿದ್ದಿಕೊಳ್ಳುವ ನಿಯಂತ್ರಣ ಚಾಲೂ ಇರುವಾಗ ಈ ಅಳತೆ ದಾರಿ ತಪ್ಪಿಸುತ್ತದೆ, ಏಕೆಂದರೆ ಬಿಗಿಯಾದ ಬೇರಿಂಗನ್ನು ಸರಿದೂಗಿಸಲು ಪ್ರೋಗ್ರಾಂ ತಾನೇ ಒಂದು ಕಡೆ ಹೆಚ್ಚು ಶಕ್ತಿ ಕೊಡುತ್ತಿರಬಹುದು. ಆದ್ದರಿಂದ ರೋಬೋಟನ್ನು ಎತ್ತಿ, ಗಾಲಿಗಳು ನೆಲಕ್ಕೆ ತಾಗದಂತೆ ಇಟ್ಟು, ಆ ತಿದ್ದುವಿಕೆಯನ್ನು ನಿಲ್ಲಿಸಿ, ಎರಡೂ ಮೋಟಾರುಗಳಿಗೆ ಒಂದೇ ಸ್ಥಿರವಾದ ಆಜ್ಞೆ ಕೊಡುವ ಪುಟ್ಟ ಪ್ರೋಗ್ರಾಮೊಂದು ಪ್ರತಿ ತಂಡದ ಬಳಿಯೂ ಮೊದಲೇ ಸಿದ್ಧವಾಗಿರಬೇಕು. ಅದನ್ನು ಬರೆಯುವವರು ಪ್ರೋಗ್ರಾಮಿಂಗ್ ತಂಡದವರಾದರೂ ಓಡಿಸಲು ಹಾರ್ಡ್‌ವೇರ್ ತಂಡದವರಿಗೆ ಯಾರ ಸಹಾಯವೂ ಬೇಕಾಗಬಾರದು. ಹಾಗೆಯೇ, ಪ್ರೋಗ್ರಾಂ ಬರೆಯುವವರಿಗೆ ಮಲ್ಟಿಮೀಟರ್ ಹಿಡಿಯಲು ಬರಬೇಕು. ಪರಿಣತಿಯ ಮಾತು ಇದಲ್ಲ; ಎದುರು ತಂಡದವರು ಊಟಕ್ಕೆ ಹೋಗಿರುವಾಗ ಹುಡುಕಾಟ ನಿಂತುಹೋಗಬಾರದು, ಅಷ್ಟೇ.

ಎರಡು ತಂಡಗಳ ನಡುವೆ ಅತಿ ಹೆಚ್ಚು ವಾದಕ್ಕೆ ಕಾರಣವಾಗುವ ದೋಷವೆಂದರೆ ರೀಸೆಟ್. ರೋಬೋಟು ಓಡುತ್ತಿರುವಾಗಲೇ ಕಂಟ್ರೋಲರ್ ಇದ್ದಕ್ಕಿದ್ದಂತೆ ಮೊದಲಿನಿಂದ ಶುರುವಾಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಕಾರಣಗಳಿವೆ, ಮತ್ತು ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಮೊದಲನೆಯದು ವಿದ್ಯುತ್ತಿನ ಕುಸಿತ. ನಿಂತಿರುವ ಮೋಟಾರು ತಿರುಗಲು ಶುರುಮಾಡುವ ಕ್ಷಣದಲ್ಲಿ ಎಳೆಯುವ ಕರೆಂಟು, ಅದು ಸರಾಗವಾಗಿ ಓಡುತ್ತಿರುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು. ಎಲ್ಲ ಮೋಟಾರುಗಳೂ ಒಟ್ಟಿಗೆ ಶುರುವಾಗಿ 100 ಆಂಪಿಯರ್ ಎಳೆದವೆಂದು ಭಾವಿಸೋಣ. ಬ್ಯಾಟರಿಯ ಒಳ ಪ್ರತಿರೋಧ, ತಂತಿ, ಕನೆಕ್ಟರುಗಳೆಲ್ಲ ಸೇರಿ 30 ಮಿಲಿಓಮ್ ಇದ್ದರೆ 3 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ; 12 ವೋಲ್ಟಿನ ಬ್ಯಾಟರಿಯಿಂದ ಕಂಟ್ರೋಲರಿನ ಸರ್ಕ್ಯೂಟ್ ಹಲಗೆಗೆ 9 ವೋಲ್ಟು ತಲುಪುತ್ತದೆ. ಇದರಿಂದ ತೊಂದರೆಯಿಲ್ಲ. ಆದರೆ ಒಂದು ಕನೆಕ್ಟರಿನಲ್ಲಿ ತಂತಿಯನ್ನು ಒತ್ತಿ ಹಿಡಿಯುವ ಕ್ರಿಂಪು ಸರಿಯಾಗಿ ಕಚ್ಚದೆ ಇನ್ನೊಂದು 30 ಮಿಲಿಓಮ್ ಸೇರಿತೆನ್ನಿ. ಈಗ ತಲುಪುವುದು ಸುಮಾರು 6 ವೋಲ್ಟು ಮಾತ್ರ, ಮತ್ತು ಅಷ್ಟರಿಂದ 5 ವೋಲ್ಟನ್ನು ಸ್ಥಿರವಾಗಿ ಕೊಡಲು ಹಳೆಯ ಬಗೆಯ ರೆಗ್ಯುಲೇಟರುಗಳಿಗೆ ಆಗುವುದಿಲ್ಲ. ಕಂಟ್ರೋಲರ್ ಸಾಯುತ್ತದೆ, ಮೋಟಾರುಗಳು ನಿಲ್ಲುತ್ತವೆ, ಮೋಟಾರುಗಳು ನಿಂತ ಕೂಡಲೇ ವೋಲ್ಟೇಜು ಮೇಲೆ ಬರುತ್ತದೆ, ಕಂಟ್ರೋಲರ್ ಮತ್ತೆ ಹುಟ್ಟುತ್ತದೆ. ಮಲ್ಟಿಮೀಟರ್ ಹಿಡಿದು ನೋಡುವವರಿಗೆ 12 ವೋಲ್ಟು ಕಾಣುತ್ತದೆ, ಏಕೆಂದರೆ ಸೆಕೆಂಡಿಗೆ ಕೆಲವೇ ಬಾರಿ ಅಂಕಿ ಬದಲಿಸುವ ಮೀಟರಿಗೆ 10 ಮಿಲಿಸೆಕೆಂಡಿನ ಕುಸಿತ ಕಾಣಿಸುವುದೇ ಇಲ್ಲ. ಮೀಟರಿನಲ್ಲಿ ಸರಿಯಾಗಿದೆ ಎಂಬ ಮಾತು ನಿಜವಾಗಿಯೂ ನಿರುಪಯುಕ್ತವಾಗುವುದು ಹೀಗೆ. ಆಸಿಲೋಸ್ಕೋಪನ್ನು 5 ವೋಲ್ಟಿನ ಸಾಲಿಗೆ ಹಚ್ಚಿ, ವೋಲ್ಟೇಜು ಇಳಿದಾಗ ಒಮ್ಮೆ ಮಾತ್ರ ಸೆರೆಹಿಡಿಯುವಂತೆ ಇಟ್ಟು, ರೋಬೋಟನ್ನು ಓಡಿಸಿದರೆ ಪುರಾವೆ ಪರದೆಯ ಮೇಲೆ ನಿಂತಿರುತ್ತದೆ.

ಎರಡನೆಯದು ವಾಚ್‌ಡಾಗ್. ಪ್ರೋಗ್ರಾಂ ನಿಗದಿತ ಅವಧಿಯೊಳಗೆ ತಾನು ಬದುಕಿದ್ದೇನೆಂದು ಹೇಳದಿದ್ದರೆ ಈ ಕಾವಲು ಗಡಿಯಾರ ಕಂಟ್ರೋಲರನ್ನು ಬೇಕೆಂದೇ ರೀಸೆಟ್ ಮಾಡುತ್ತದೆ. ಇದರ ಪ್ರಸಿದ್ಧ ಉದಾಹರಣೆ ಮಂಗಳನ ಮೇಲೆ ನಡೆದದ್ದು. 1997ರ ಜುಲೈ 4ರಂದು ಇಳಿದ ಮಾರ್ಸ್ ಪಾಥ್‌ಫೈಂಡರ್ ನೌಕೆ, ಸೋಜರ್ನರ್ ಎಂಬ ಪುಟ್ಟ ರೋವರನ್ನು ಹೊತ್ತು ತಂದಿತ್ತು. ಹವಾಮಾನದ ಮಾಹಿತಿ ಸಂಗ್ರಹ ಶುರುವಾದ ಬಳಿಕ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಅಲ್ಲಿ ವಿದ್ಯುತ್ತಿನ ತೊಂದರೆ ಇರಲಿಲ್ಲ. ಕಡಿಮೆ ಆದ್ಯತೆಯ ಹವಾಮಾನ ಕಾರ್ಯವು ಹಂಚಿಕೊಂಡ ಸಂಪನ್ಮೂಲವೊಂದರ ಬೀಗವನ್ನು ಹಿಡಿದಿದ್ದ ಹೊತ್ತಿನಲ್ಲೇ, ಮಧ್ಯಮ ಆದ್ಯತೆಯ ಸಂಪರ್ಕ ಕಾರ್ಯವು ಬಂದು ಅದನ್ನು ಓಡದಂತೆ ತಡೆಯುತ್ತಿತ್ತು. ಅದೇ ಬೀಗಕ್ಕಾಗಿ ಕಾಯುತ್ತಿದ್ದ, ಎಲ್ಲಕ್ಕಿಂತ ಹೆಚ್ಚಿನ ಆದ್ಯತೆಯ ಬಸ್ ನಿರ್ವಹಣೆಯ ಕಾರ್ಯ ಸಮಯಕ್ಕೆ ಮುಗಿಯುತ್ತಿರಲಿಲ್ಲ. ಅದು ಮುಗಿಯಲಿಲ್ಲವೆಂದು ಕಂಡ ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು. ಭೂಮಿಯ ಮೇಲಿದ್ದ ಪ್ರತಿರೂಪದ ಯಂತ್ರದಲ್ಲಿ, ಪ್ರತಿಯೊಂದು ಕಾರ್ಯದ ಆಗುಹೋಗುಗಳನ್ನೂ ದಾಖಲಿಸುವ ಸೌಲಭ್ಯವನ್ನು ಚಾಲೂ ಇಟ್ಟು, ದೋಷ ಮರುಕಳಿಸುವವರೆಗೆ ಓಡಿಸಿ ಎಂಜಿನಿಯರುಗಳು ಕಾರಣವನ್ನು ಕಂಡುಹಿಡಿದರು. ಬೀಗ ಹಿಡಿದಿರುವ ಕಾರ್ಯಕ್ಕೆ ಅದನ್ನು ಕಾಯುತ್ತಿರುವ ಕಾರ್ಯದ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಆಯ್ಕೆಯೊಂದು ಆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮೊದಲೇ ಇತ್ತು. ಚಾಲೂ ಇಲ್ಲದಿದ್ದ ಅದನ್ನು ಭೂಮಿಯಿಂದಲೇ ಚಾಲೂ ಮಾಡಿದರು.

ಈ ಎರಡನ್ನೂ ಬೇರ್ಪಡಿಸಲು ಬೇಕಾದ ಸಾಧನ ಬಹುಪಾಲು ಮೈಕ್ರೋಕಂಟ್ರೋಲರುಗಳ ಒಳಗೇ ಇದೆ. ಹಿಂದಿನ ರೀಸೆಟ್ ವಿದ್ಯುತ್ ಕುಸಿತದಿಂದ ಆಯಿತೇ, ವಾಚ್‌ಡಾಗಿನಿಂದ ಆಯಿತೇ, ಹೊರಗಿನ ಪಿನ್ನಿನಿಂದ ಆಯಿತೇ ಎಂಬುದನ್ನು ಅವು ರಿಜಿಸ್ಟರ್ ಎಂಬ ಪುಟ್ಟ ನೆನಪಿನ ಕೋಶದಲ್ಲಿ ಬರೆದಿಡುತ್ತವೆ. ಶುರುವಾದ ಕೂಡಲೇ ಆ ರಿಜಿಸ್ಟರನ್ನು ಓದಿ ಘಟನೆಗಳ ದಾಖಲೆಯಾದ ಲಾಗಿಗೆ ಬರೆಯಲು ಕೆಲವೇ ಸಾಲುಗಳ ಕೋಡ್ ಸಾಕು. ಆ ಸಾಲುಗಳು ಉಳಿಸುವಷ್ಟು ಜಗಳವನ್ನು ಬೇರೆ ಯಾವ ಕೋಡೂ ಉಳಿಸಿದ್ದನ್ನು ನಾನು ಕಂಡಿಲ್ಲ. ಆದರೂ ಅವನ್ನು ಬರೆದಿಟ್ಟಿರುವ ತಂಡಗಳು ಅಪರೂಪ, ಏಕೆಂದರೆ ಪ್ರೋಗ್ರಾಂ ಬರೆಯುವವರಿಗೆ ಅದು ಹಾರ್ಡ್‌ವೇರಿನ ವಿಷಯವಾಗಿಯೂ, ಹಾರ್ಡ್‌ವೇರಿನವರಿಗೆ ಅದು ಪ್ರೋಗ್ರಾಮಿನ ವಿಷಯವಾಗಿಯೂ ತೋರುತ್ತದೆ.

ಗಡಿಯ ಮೇಲೆ ಹುಟ್ಟುವ ಇನ್ನೊಂದು ವರ್ಗದ ದೋಷಗಳಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಎರಡು ತಂಡಗಳ ಕಲ್ಪನೆಗಳು ಮಾತ್ರ ಒಂದಕ್ಕೊಂದು ಕೂಡುವುದಿಲ್ಲ. ಎನ್‌ಕೋಡರಿನ ಎ ಮತ್ತು ಬಿ ತಂತಿಗಳು ಅದಲುಬದಲಾದರೆ ದಿಕ್ಕಿನ ಚಿಹ್ನೆ ತಲೆಕೆಳಗಾಗುತ್ತದೆ. ಆಗ ಗಾಲಿ ಮುಂದೆ ತಿರುಗಿದಷ್ಟೂ ಹಿಂದೆ ಹೋಗುತ್ತಿದೆಯೆಂದು ಪ್ರೋಗ್ರಾಂ ಭಾವಿಸಿ, ಇನ್ನಷ್ಟು ಶಕ್ತಿ ಕೊಟ್ಟು, ಮೋಟಾರು ಪೂರ್ಣ ವೇಗದಲ್ಲಿ ಹಿಡಿತ ತಪ್ಪಿ ಓಡುತ್ತದೆ. ಸುತ್ತಿಗೆ 500 ಗೆರೆಗಳಿರುವ ಎನ್‌ಕೋಡರಿನ ಎರಡೂ ಸಂಕೇತಗಳ ಎಲ್ಲ ಏರಿಳಿತಗಳನ್ನು ಎಣಿಸಿದರೆ 2000 ಎಣಿಕೆ ಬರುತ್ತದೆ. ಒಂದು ತಂಡ 500 ಎಂದೂ ಇನ್ನೊಂದು 2000 ಎಂದೂ ತಿಳಿದಿದ್ದರೆ ರೋಬೋಟು ಸಾಗುವ ದೂರ ಸರಿಯಾಗಿ ನಾಲ್ಕು ಪಟ್ಟಿನಷ್ಟು ತಪ್ಪುತ್ತದೆ. ತಪ್ಪು ಹೀಗೆ ನಾಲ್ಕು, ಎರಡು, ಅಥವಾ ಡಿಗ್ರಿ ಮತ್ತು ರೇಡಿಯನ್‌ಗಳ ನಡುವಿನ 57.3ರಂಥ ಗುರುತು ಹಿಡಿಯಬಹುದಾದ ಗುಣಾಂಕದಲ್ಲಿ ಇದ್ದರೆ ತಂತಿಯನ್ನು ಎಳೆದು ನೋಡುವ ಮೊದಲು ದಾಖಲೆಗಳನ್ನು ಎದುರುಬದುರು ಇಟ್ಟು ನೋಡಬೇಕು. ಸವೆತದಿಂದಲೋ ಸಡಿಲತನದಿಂದಲೋ ಬರುವ ತಪ್ಪು ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. 1999ರ ಸೆಪ್ಟೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಷ್ಟವಾದದ್ದು ಇಂಥ ಗುಣಾಂಕದಿಂದಲೇ. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೂಕುಬಲದ ಪರಿಣಾಮವನ್ನು ಪೌಂಡು ಆಧಾರಿತ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಓದಿಕೊಳ್ಳುವ ಪ್ರೋಗ್ರಾಂ ನ್ಯೂಟನ್ ಆಧಾರಿತ ಮಾನವೆಂದು ತಿಳಿಯುತ್ತಿತ್ತು. ವ್ಯತ್ಯಾಸ ಸುಮಾರು 4.45 ಪಟ್ಟು. ಯಾವ ಮಾನ ಬಳಸಬೇಕೆಂಬ ಲಿಖಿತ ಒಪ್ಪಂದ ಅಲ್ಲಿ ಇತ್ತು ಎಂಬುದು ಗಮನಿಸಬೇಕಾದ ಅಂಶ. ದಾಖಲೆ ಇದ್ದರಷ್ಟೇ ಸಾಲದು. ನಿಜವಾಗಿ ಹರಿದುಬರುತ್ತಿರುವ ಅಂಕಿಗಳನ್ನು ಅದರೊಂದಿಗೆ ಹೋಲಿಸಿ ನೋಡುವ ಪರೀಕ್ಷೆಯೊಂದು ಇರಬೇಕು.

ಬಸ್ಸಿನ ದೋಷಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಕ್ಯಾನ್ ಬಸ್ಸಿನಲ್ಲಿ ಸಂದೇಶಗಳು ಆಗಾಗ ಕಾಣೆಯಾಗುತ್ತಿದ್ದರೆ ಕೋಡನ್ನು ತೆರೆಯುವ ಮೊದಲು ವಿದ್ಯುತ್ ಆರಿಸಿ, ಅದರ ಎರಡು ತಂತಿಗಳ ನಡುವಿನ ಪ್ರತಿರೋಧವನ್ನು ಅಳೆಯಬೇಕು. ಎರಡು ತುದಿಗಳಲ್ಲೂ 120 ಓಮಿನ ಪ್ರತಿರೋಧಕ ಇದ್ದರೆ ಮೀಟರ್ ಸುಮಾರು 60 ತೋರಿಸುತ್ತದೆ. 120 ತೋರಿಸಿದರೆ ಒಂದು ತುದಿಯದು ಇಲ್ಲ. 40 ತೋರಿಸಿದರೆ ಯಾರೋ ಮೂರನೆಯದನ್ನೂ ಸೇರಿಸಿದ್ದಾರೆ.

ಇನ್ನು ಹೆಚ್ಚು ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಕಾರಣ ಎಲ್ಲಿದೆ ಎಂಬುದೂ ಅದನ್ನು ಎಲ್ಲಿ ಸರಿಪಡಿಸಬೇಕು ಎಂಬುದೂ ಬೇರೆಬೇರೆ ಪ್ರಶ್ನೆಗಳು. ಇವೆರಡನ್ನೂ ಕಲೆಸಿಕೊಂಡಾಗ ತಂಡಗಳು ತಮ್ಮ ಕಡೆಯ ಕಾರಣವನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತವೆ, ಏಕೆಂದರೆ ಒಪ್ಪಿಕೊಂಡರೆ ಕೆಲಸವೂ ತಮ್ಮ ತಲೆಗೇ ಬರುತ್ತದೆ ಎಂಬ ಅಂಜಿಕೆ ಇರುತ್ತದೆ. ಮೇಲೆ ಹೇಳಿದ ವಿದ್ಯುತ್ ಕುಸಿತ ಹಾರ್ಡ್‌ವೇರಿನ ಸಂಗತಿಯಾದರೂ, ಮೋಟಾರುಗಳನ್ನು ಒಂದೇ ಏಟಿಗೆ ಶುರುಮಾಡದೆ ಮೆಲ್ಲಗೆ ವೇಗ ಏರಿಸುವಂತೆ ಪ್ರೋಗ್ರಾಮನ್ನು ಬದಲಿಸುವುದು ಒಳ್ಳೆಯ ಪರಿಹಾರವಾಗಬಹುದು. ಕೆಟ್ಟ ಕ್ರಿಂಪನ್ನು ಹಾಗೆಯೇ ಬಿಟ್ಟು ವೇಗವನ್ನು ಮಾತ್ರ ಇಳಿಸುವುದು ಕೆಟ್ಟ ಪರಿಹಾರ, ಏಕೆಂದರೆ ಆ ಕ್ರಿಂಪು ಬಿಸಿಯಾಗುತ್ತ, ಇನ್ನಷ್ಟು ಹಾಳಾಗುತ್ತಲೇ ಇರುತ್ತದೆ. ರೋಬೋಟಿನ ತೋಳು ಗುರಿಯ ಹತ್ತಿರ ನಡುಗುತ್ತ ನಿಲ್ಲುವ ದೋಷದಲ್ಲಿಯೂ ಹೀಗೆಯೇ. ಗೇರುಗಳ ಹಲ್ಲುಗಳ ನಡುವೆ ಸಡಿಲ ಜಾಗವಿದ್ದರೆ ಮೋಟಾರು ಸ್ವಲ್ಪ ತಿರುಗಿದರೂ ತೋಳು ಕದಲುವುದಿಲ್ಲ, ಕದಲಿದಾಗ ಮಿತಿಮೀರಿ ಕದಲುತ್ತದೆ. ಇದನ್ನು ಪಿಐಡಿ ಎಂಬ ನಿಯಂತ್ರಣ ಸೂತ್ರದ ಗುಣಾಂಕಗಳಿಂದಲೇ ಅಡಗಿಸುತ್ತೇನೆಂದು ಹೊರಟವರು ನಡುಕವನ್ನು ಕೊಲ್ಲಲು ತೋಳಿನ ಚುರುಕುತನವನ್ನೂ ಕೊಲ್ಲುತ್ತಾರೆ. ವಿದ್ಯುತ್ ಆರಿಸಿ, ಮೋಟಾರಿನ ದಂಡವನ್ನು ಅಲುಗದಂತೆ ಹಿಡಿದು, ತೋಳನ್ನು ಕೈಯಿಂದ ಅಲ್ಲಾಡಿಸಿ ಸಡಿಲವನ್ನು ಅಳೆಯಲು ಒಂದು ನಿಮಿಷ ಬೇಕು. ಆ ಒಂದು ನಿಮಿಷವನ್ನು ಯಾರೂ ತೆಗೆದುಕೊಳ್ಳದೆ ಪ್ರೋಗ್ರಾಮಿಂಗ್ ತಂಡ ದಿನಗಟ್ಟಲೆ ಅಂಕಿಗಳನ್ನು ತಿರುಚುವುದು ಬಹಳ ಸಾಮಾನ್ಯ.

ಒಂದು ತಂಡದ ದೋಷವನ್ನು ಇನ್ನೊಂದು ತಂಡದ ಭಾಗ ಮೌನವಾಗಿ ಹೊತ್ತುಕೊಂಡಿರುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ರೋಬೋಟುಗಳ ಹೊರಗಿನ ಒಂದು ಉದಾಹರಣೆ ಇದೆ, ಅದನ್ನು ಬಿಟ್ಟು ಈ ವಿಷಯವನ್ನು ಮಾತನಾಡಲಾಗದು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985 ಮತ್ತು 1987ರ ನಡುವೆ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು; ಅದರಿಂದ ಸಾವುಗಳೂ ಸಂಭವಿಸಿದವು. ಆರಂಭದ ಅಪಘಾತವೊಂದರ ನಂತರ ತಯಾರಕರ ಸಂಶಯ ಒಂದು ಪುಟ್ಟ ಸ್ವಿಚ್ಚಿನ ಮೇಲೆ ಬಿತ್ತು. ದೋಷವನ್ನು ಮತ್ತೆ ಕಾಣಿಸಲು ಅವರಿಂದ ಆಗಿರಲಿಲ್ಲ. ಆದರೂ ಸ್ವಿಚ್ಚಿನ ವ್ಯವಸ್ಥೆಯನ್ನು ಬದಲಿಸಿ, ಸುರಕ್ಷತೆ ಅಪಾರವಾಗಿ ಹೆಚ್ಚಿತೆಂದು ಹೇಳಿದರು. ಅಪಘಾತಗಳು ನಿಲ್ಲಲಿಲ್ಲ. 1986ರಲ್ಲಿ ಒಂದು ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರದ ಆಪರೇಟರ್ ಕೂತು, ಅಪಘಾತದ ದಿನ ಆಪರೇಟರ್ ಪರದೆಯ ಮೇಲೆ ಚಿಕಿತ್ಸೆಯ ವಿವರಗಳಿಗೆ ಮಾಡಿದ ತಿದ್ದುಪಡಿಯನ್ನೇ ಅಷ್ಟೇ ವೇಗದಲ್ಲಿ ಟೈಪ್ ಮಾಡಿ ನೋಡಿದಾಗ ದೋಷ ಮರುಕಳಿಸಿತು. ಕಿರಣವನ್ನು ಬಾಗಿಸುವ ಅಯಸ್ಕಾಂತಗಳು ಹೊಂದಿಕೊಳ್ಳಲು ಬೇಕಾದ ಸುಮಾರು 8 ಸೆಕೆಂಡುಗಳೊಳಗೆ ತಿದ್ದಿದರೆ ಪ್ರೋಗ್ರಾಂ ಆ ಬದಲಾವಣೆಯನ್ನು ಗಮನಿಸುತ್ತಿರಲಿಲ್ಲ. ಇದೇ ತಪ್ಪು ಹಿಂದಿನ ಮಾದರಿಯಾದ ಥೆರಾಕ್-20ರ ಪ್ರೋಗ್ರಾಮಿನಲ್ಲೂ ಇತ್ತೆಂದು ಆಮೇಲೆ ತಿಳಿಯಿತು. ಅಲ್ಲಿ ಪ್ರತ್ಯೇಕವಾದ ಹಾರ್ಡ್‌ವೇರ್ ತಡೆಗಳು ಇದ್ದುದರಿಂದ ಯಾರಿಗೂ ಹಾನಿಯಾಗಿರಲಿಲ್ಲ. ಆಗಾಗ ಫ್ಯೂಸು ಹಾರುತ್ತಿತ್ತು, ಅಷ್ಟೇ. ಹೊಸ ಮಾದರಿಯಲ್ಲಿ ಪ್ರೋಗ್ರಾಮನ್ನು ನಂಬಿ ಆ ತಡೆಗಳನ್ನು ತೆಗೆದುಹಾಕಿದ್ದರು. ಹಾರುತ್ತಿದ್ದ ಫ್ಯೂಸು ಪ್ರೋಗ್ರಾಮಿನ ದೋಷವನ್ನು ಹೇಳುತ್ತಿತ್ತು, ಆದರೆ ಫ್ಯೂಸು ಬದಲಿಸುವವರು ಪ್ರೋಗ್ರಾಂ ಬರೆದವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ನಿಮ್ಮ ರೋಬೋಟಿನಲ್ಲಿ ಫ್ಯೂಸು ಹಾರಿದಾಗ, ಡ್ರೈವರ್ ಬಿಸಿಯಾಗಿ ನಿಂತಾಗ, ಮಿತಿ ಸ್ವಿಚ್ಚು ತೋಳನ್ನು ತಡೆದಾಗ ಅದು ಪ್ರೋಗ್ರಾಮಿಂಗ್ ತಂಡದ ಲಾಗಿನಲ್ಲೂ ಸಾಲಾಗಿ ಬರುತ್ತದೆಯೇ ಎಂದು ನೋಡಿಕೊಳ್ಳಿ.

ಲಾಗಿನ ಮಾತು ಬಂದಾಗ ಗಡಿಯಾರದ ಮಾತನ್ನೂ ಆಡಲೇಬೇಕು. ಮುಖ್ಯ ಕಂಪ್ಯೂಟರಿಗೆ ಒಂದು ಗಡಿಯಾರ, ಮೈಕ್ರೋಕಂಟ್ರೋಲರಿಗೆ ಇನ್ನೊಂದು. ಎರಡರ ನಡುವೆ ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡು ದೂರ ಸರಿಯುತ್ತವೆ. ಆಗ ಮೋಟಾರು ನಿಂತದ್ದು ಮೊದಲೋ, ಆಜ್ಞೆ ನಿಂತದ್ದು ಮೊದಲೋ ಎಂದು ಎರಡು ಲಾಗುಗಳನ್ನು ಪಕ್ಕಪಕ್ಕ ಇಟ್ಟು ಹೇಳಲಾಗುವುದಿಲ್ಲ. ಆದರೆ ವಿವಾದ ಇರುವುದು ಅಲ್ಲಿಯೇ. ಸುಲಭದ ಉಪಾಯವೆಂದರೆ ಒಂದು ಖಾಲಿ ಪಿನ್ನನ್ನು ಇದಕ್ಕೆಂದೇ ಮೀಸಲಿಟ್ಟು, ಮುಖ್ಯ ಘಟನೆಯೊಂದು ನಡೆದಾಗಲೆಲ್ಲ ಪ್ರೋಗ್ರಾಂ ಅದನ್ನು ಏರಿಳಿಸುವಂತೆ ಮಾಡಿ, ಅದೇ ಕ್ಷಣವನ್ನು ಲಾಗಿನಲ್ಲೂ ಬರೆಯುವುದು. ಆಸಿಲೋಸ್ಕೋಪಿನ ಒಂದು ಚಾನೆಲ್ ಆ ಪಿನ್ನನ್ನೂ ಇನ್ನೊಂದು ಮೋಟಾರಿನ ವೋಲ್ಟೇಜನ್ನೂ ನೋಡುತ್ತಿದ್ದರೆ ಕೋಡಿನ ಕಾಲ ಮತ್ತು ತಂತಿಯ ಕಾಲ ಒಂದೇ ಪರದೆಯ ಮೇಲೆ ಸೇರುತ್ತವೆ.

ಪರೀಕ್ಷೆಯ ಶಿಸ್ತಿನಲ್ಲಿ ನಾನು ಬಿಟ್ಟುಕೊಡದ ಒಂದು ನಿಯಮವಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಆ ಬದಲಾವಣೆಯನ್ನು ಮಾಡುತ್ತಿರುವುದು ಎರಡೂ ತಂಡಗಳಿಗೆ ಗೊತ್ತಿರಬೇಕು. ಒಂದು ತಂಡ ಕೇಬಲ್ ಬದಲಿಸಿದ ಹೊತ್ತಿನಲ್ಲೇ ಇನ್ನೊಂದು ತಂಡ ಕಂಟ್ರೋಲರಿನೊಳಗಿನ ಪ್ರೋಗ್ರಾಮಾದ ಫರ್ಮ್‌ವೇರನ್ನು ಹೊಸದಾಗಿ ಹಾಕಿದರೆ, ದೋಷ ಹೋದರೂ ಏಕೆ ಹೋಯಿತೆಂದು ತಿಳಿಯದೆ ಇಬ್ಬರೂ ತಮ್ಮಿಂದಲೇ ಹೋಯಿತೆಂದು ನಂಬುತ್ತಾರೆ. ಎಡ ಮತ್ತು ಬಲ ಭಾಗಗಳು ಒಂದೇ ಬಗೆಯವಾಗಿದ್ದರೆ ಅದಲುಬದಲು ಪರೀಕ್ಷೆ ಬಹಳ ಪ್ರಬಲ. ಎಡ ಡ್ರೈವರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದಾಗ ದೋಷ ಡ್ರೈವರಿನ ಜೊತೆ ಹೋದರೆ ಅದು ಡ್ರೈವರಿನದು, ಇದ್ದಲ್ಲೇ ಉಳಿದರೆ ಅದರಾಚೆಯದು. ಆದರೆ ಕನೆಕ್ಟರನ್ನು ಕಿತ್ತು ಮತ್ತೆ ಚುಚ್ಚುವುದೇ ಒಂದು ಬದಲಾವಣೆ ಎಂಬುದನ್ನು ಮರೆಯಬಾರದು. ಅದಲುಬದಲು ಮಾಡಿದ ಮೇಲೆ ದೋಷ ಎರಡೂ ಕಡೆ ಮಾಯವಾದರೆ ಸಂಶಯ ಸಂಪರ್ಕದ ಮೇಲೆ ಹೋಗಬೇಕು. ಭಾಗಗಳನ್ನು ಮೊದಲಿನ ಜಾಗಕ್ಕೆ ಮರಳಿಸಿ, ರೋಬೋಟು ಓಡುತ್ತಿರುವಾಗ ಆ ಕೇಬಲನ್ನು ಮೆಲ್ಲಗೆ ಅಲುಗಿಸಿ ನೋಡಬೇಕು.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು, ದೋಷ ತಾನಾಗಿಯೇ ಹೋಗಿ ಮತ್ತೆ ಬಾರದಿದ್ದರೆ ಏನು ಮಾಡಬೇಕೆಂದು ಕೇಳಿದರು. ನನ್ನ ಉತ್ತರ ಇದು: ಪಾಥ್‌ಫೈಂಡರಿನ ರೀಸೆಟ್ ದೋಷ ನೌಕೆ ಇಳಿಯುವ ಮೊದಲಿನ ಪರೀಕ್ಷೆಗಳಲ್ಲೂ ಕಂಡಿತ್ತು. ಹುಡುಕಲು ಹೋದಾಗ ಅದು ಮರುಕಳಿಸಿರಲಿಲ್ಲ. ತಾನಾಗಿ ಹೋದ ದೋಷವನ್ನು ಮುಗಿದದ್ದೆಂದು ಬರೆಯಬಾರದು, ಕಾರಣ ತಿಳಿಯದೆ ಉಳಿದದ್ದೆಂದು ಬರೆಯಬೇಕು. ಆ ದಿನ ಇದ್ದ ಫರ್ಮ್‌ವೇರಿನ ಆವೃತ್ತಿ, ಬ್ಯಾಟರಿಯ ಗುರುತು ಸಂಖ್ಯೆ ಮತ್ತು ಅದರ ವೋಲ್ಟೇಜು, ರೋಬೋಟು ಎಷ್ಟು ಹೊತ್ತಿನಿಂದ ಓಡುತ್ತಿತ್ತು, ಯಾವ ಚಲನೆಯ ನಡುವೆ ಕೆಟ್ಟಿತು, ರೀಸೆಟ್ ರಿಜಿಸ್ಟರ್ ಏನು ಹೇಳಿತು, ಆಮೇಲೆ ಯಾರು ಏನನ್ನು ಮುಟ್ಟಿದರು, ಇವೆಲ್ಲವೂ ಎರಡೂ ತಂಡಗಳು ತೆರೆದು ನೋಡುವ ಒಂದೇ ದಾಖಲೆಯಲ್ಲಿ ಇರಬೇಕು. ತಂಡಕ್ಕೊಂದರಂತೆ ಎರಡು ದಾಖಲೆಗಳಿದ್ದರೆ, ಕೆಟ್ಟಾಗಲೆಲ್ಲ ಅದೇ ಬ್ಯಾಟರಿ ಇತ್ತು ಎಂಬ ಸಂಗತಿ ಒಂದರಲ್ಲೂ, ಕೆಟ್ಟಾಗಲೆಲ್ಲ ತೋಳು ಮೇಲೇಳುತ್ತಿತ್ತು ಎಂಬ ಸಂಗತಿ ಇನ್ನೊಂದರಲ್ಲೂ ಉಳಿದುಬಿಡುತ್ತವೆ.